ಕೊಟ್ರಪ್ಪ ಮಾಸ್ತರ ಕಾಣದ ಚುಕ್ಕಿ

ಕೊಟ್ರಪ್ಪ ಮಾಸ್ತರು ಕಿವಿಯಿಂದಲೇ ತಪ್ಪು ಹಿಡಿಯುತ್ತಿದ್ದರು. ಹನ್ನೊಂದು ಟೈಪ್‌ರೈಟರುಗಳು ಒಟ್ಟಿಗೆ ಬಡಿದುಕೊಳ್ಳುತ್ತಿದ್ದ ಆ ಕೋಣೆಯಲ್ಲಿ ಪಕ್ಕದವರ ಮಾತೂ ನಮಗೆ ಕೇಳಿಸುತ್ತಿರಲಿಲ್ಲ. ಅವರು ಮಾತ್ರ ಬಾಗಿಲ ಬಳಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು, ಎಲೆ ಅಡಿಕೆ ಮೆಲ್ಲುತ್ತಾ, ಇದ್ದಕ್ಕಿದ್ದಂತೆ ಕೂಗುತ್ತಿದ್ದರು: “ಏ, ಐದನೇ ಮಿಷನ್ನು! ಉಂಗುರದ ಬೆರಳು ಎಲ್ಲಿಗೆ ಹೊಂಟೈತಿ?” ಐದನೆಯ ಯಂತ್ರದ ಮುಂದೆ ಕೂತವರು ಹಾಳೆ ನೋಡಿಕೊಂಡರೆ ತಪ್ಪು ಅಲ್ಲೇ, ಆಗತಾನೇ ಬಿದ್ದ ಅಕ್ಷರದಲ್ಲೇ ಇರುತ್ತಿತ್ತು.

ಕೊಟ್ಟೂರಿನಲ್ಲಿ ಒಂದು ಕಿರಾಣಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಪಿಯುಸಿ ಮುಗಿಸಿ ನಾನು ಅಲ್ಲಿಗೆ ಸೇರಿದೆ. ನಮ್ಮ ಕೇರಿಯಿಂದ ಆ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ನಾನೇ. ಮೊದಲ ದಿನ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತಿದ್ದೆ. ಒಳಗೆ ಕೂತವರೆಲ್ಲ ಊರ ದೊಡ್ಡ ಮನೆತನಗಳ ಮಕ್ಕಳು. ಮಾಸ್ತರು ಕಣ್ಣು ತೆರೆದು ನೋಡಿದರು.

“ಅಲ್ಯಾಕ ನಿಂತೀ? ಮಿಷನ್ನು ಒಳಗ ಅದಾವ, ಬಾಗಿಲಾಗಿಲ್ಲ. ಬಾರಮ್ಮ.”

ಕಿಟಕಿಯ ಪಕ್ಕದ ನಾಲ್ಕನೆಯ ಯಂತ್ರಕ್ಕೆ ನನ್ನನ್ನು ಕೂರಿಸಿದರು. ಅದು ಇಡೀ ಸಾಲಿನಲ್ಲೇ ಹಗುರವಾಗಿ ಓಡುವ ಯಂತ್ರ ಎಂದು ನನಗೆ ಆಮೇಲೆ ತಿಳಿಯಿತು. ಬೇರೆಯವರಿಗೆ ಅದನ್ನು ಕೊಡುತ್ತಿರಲಿಲ್ಲವಂತೆ.

“ಕೀ ಮ್ಯಾಲ ಸಿಟ್ಟು ತೀರಿಸ್ಕೋಬ್ಯಾಡ. ಕೆಂಡ ಮುಟ್ಟಿದಂಗ ಮುಟ್ಟಬೇಕು, ಬಿಡಬೇಕು,” ಎನ್ನುತ್ತಿದ್ದರು. ಹಾಳೆಯ ಅಂಚು ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹರಿದು ಹೊಸದು ಹಾಕಿಸುತ್ತಿದ್ದರು. ಊರ ಅರ್ಧ ಜನ ಅರ್ಜಿಗಳನ್ನು ಅವರಿಂದಲೇ ಬರೆಸುತ್ತಿದ್ದರು. ಅವರು ಯಾವ ಪತ್ರವನ್ನೂ ಬರೀ ಅಂಚೆಗೆ ಹಾಕಲು ಬಿಡುತ್ತಿರಲಿಲ್ಲ. ರಿಜಿಸ್ಟರ್ ಮಾಡಿಸಿ, ಮುಟ್ಟಿದ್ದಕ್ಕೆ ಸಹಿ ಹಾಕಿ ವಾಪಸ್ ಕಳಿಸುವ ಆ ಸಣ್ಣ ಕಾರ್ಡನ್ನೂ ಅಂಟಿಸಲೇಬೇಕು. “ಕಳಿಸಿದ್ದು ಅರ್ಧ ಕೆಲಸ. ಸಹಿ ತಿರುಗಿ ಬಂದ್ರ ಪೂರ್ತಿ,” ಎನ್ನುತ್ತಿದ್ದರು.

ಹೊಸ ಶತಮಾನದ ಜೊತೆಗೆ ಕಂಪ್ಯೂಟರು ಬಂತು. ನಾನು ದಾವಣಗೆರೆಯಲ್ಲಿ ಆರು ತಿಂಗಳ ಕೋರ್ಸು ಮಾಡಿ ಬಂದಿದ್ದೆ. ಮಾಸ್ತರು ಏಳು ಟೈಪ್‌ರೈಟರು ಮಾರಿ, ನಾಲ್ಕನ್ನು ಉಳಿಸಿಕೊಂಡು, ಮೂರು ಕಂಪ್ಯೂಟರು ತಂದರು. ಕಲಿಸಲು ನನ್ನನ್ನು ಕರೆದರು. ಆ ಬೆಳಿಗ್ಗೆ ಎಲ್ಲ ಹುಡುಗ ಹುಡುಗಿಯರ ಎದುರು ನಿಲ್ಲಿಸಿ, “ನಿನ್ನಿ ತನಕ ಈಕಿ ಸುಜಾತ. ಇವತ್ತಿಂದ ಸುಜಾತಮ್ಮಾರು. ನನಗೂ ಅಷ್ಟ,” ಎಂದರು. ಅಂದಿನಿಂದ ನನ್ನನ್ನು ಏಕವಚನದಲ್ಲಿ ಕರೆಯಲೇ ಇಲ್ಲ. ನಲವತ್ತೈದು ದಾಟಿದ ಆ ಗಂಡಸು ಇಪ್ಪತ್ತೆರಡರ ನನಗೆ “ಬರ್ರಿ, ಕೂಡ್ರಿ” ಅನ್ನುವಾಗ ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಮನೆಯಿಂದ ಬರುತ್ತಿದ್ದ ಚಹಾವನ್ನು ಇಬ್ಬರೂ ಒಂದೇ ಥರದ ಕಪ್ಪಿನಲ್ಲಿ ಕುಡಿಯುತ್ತಿದ್ದೆವು. ನಮ್ಮ ಅಪ್ಪನಿಗೆ ಅದನ್ನು ಹೇಳಿದರೆ ಅವನು ಎರಡೆರಡು ಸಲ ಕೇಳುತ್ತಿದ್ದ.

ಅದಕ್ಕೇ, ಗಿರಿಜಕ್ಕನ ಸುದ್ದಿ ಕೇಳಿದಾಗ ನನಗೆ ನಂಬಲಾಗಲಿಲ್ಲ. ಹೇಳಿದವರು ಮಾಸ್ತರ ಹೆಂಡತಿ ಶಾಂತಕ್ಕ. ಗಿರಿಜ ಮಾಸ್ತರ ಒಬ್ಬಳೇ ತಂಗಿ. ತಾಯಿ ತಂದೆ ಬೇಗ ತೀರಿಕೊಂಡಿದ್ದರಿಂದ ಅವಳಿಗೆ ಜಡೆ ಹಾಕಿದ್ದೂ ಟೈಪಿಂಗ್ ಕಲಿಸಿದ್ದೂ ಅಣ್ಣನೇ. ನಾಲ್ಕನೆಯ ಯಂತ್ರ ಅವಳದು. ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಅವಳಿಗೆ ಕೆಲಸವಾಯಿತು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಆನಂದ ಎಂಬವರನ್ನು ಮದುವೆಯಾದಳು. ಆನಂದ ಹಡಗಲಿ ಕಡೆಯ ಇಟ್ಟಿಗಿಯವರು. ಅವರ ಕೇರಿಯೂ ನಮ್ಮಂಥ ಕೇರಿಯೇ.

“ಸುದ್ದಿ ಬಂದ ದಿನ ಮಿಷನ್ನಿಗೆ ಮೂರು ಕಾರ್ಬನ್ ಹಾಕಿ ಕುಂತ್ರು,” ಎಂದರು ಶಾಂತಕ್ಕ. “ಈಕೆಗೂ ನಮ್ಮ ಮನೆತನಕ್ಕೂ ಯಾವ ಸಂಬಂಧವೂ ಇರುವುದಿಲ್ಲ ಅಂತ ಹೊಡದ್ರು. ಮ್ಯಾಲಿನ ಹಾಳಿ ಆಕಿ ಆಫೀಸಿನ ಸಾಹೇಬ್ರಿಗೆ. ಕಾರ್ಬನ್ನಿನವು ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಬೀಗರಿಗೆ. ಒಂದು ಇಲ್ಲೇ ಐತಿ. ಒಂದ ಒಂದು ತಪ್ಪಿಲ್ಲ ಅದ್ರಾಗ, ನೋಡ.”

ನನಗೆ ಕಪ್ಪು ಕೊಟ್ಟ ಕೈ, ಕುರ್ಚಿ ಕೊಟ್ಟ ಕೈ ಅದೇ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನ ಹೋದೆ. ಯಾಕೆ ಬಂದಿರಲಿಲ್ಲವೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಚಹಾ ಬಂದಾಗ ಮಾತ್ರ ನನ್ನ ಕಪ್ಪನ್ನು ತಾವೇ ತಂದು ಮುಂದಿಟ್ಟರು.

ಆ ಪತ್ರವಾಗಿ ಹತ್ತು ವರ್ಷವಾದ ಮೇಲೆ ಅವರಿಗೆ ತಂಗಿಗೆ ಬರೆಯಬೇಕೆನಿಸಿತು. ರಿಜಿಸ್ಟರ್ ಮಾಡಿ ಮೂರು ಪತ್ರ ಕಳಿಸಿದರು. ಮೂರೂ “ತೆಗೆದುಕೊಳ್ಳಲು ಒಪ್ಪಲಿಲ್ಲ” ಎಂಬ ಷರಾ ಹೊತ್ತು ವಾಪಸ್ ಬಂದವು. ಆಗ ಧಾರವಾಡಕ್ಕೆ ಪರೀಕ್ಷೆಗೆ ಹೋಗಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಿರಿಜಕ್ಕನನ್ನು ಕಂಡು, ಅವಳ ಇ-ಮೇಲ್ ವಿಳಾಸವನ್ನು ಚೀಟಿಯಲ್ಲಿ ಬರೆದು ತಂದಳು. “ಅಣ್ಣಗ ಕೊಡಬ್ಯಾಡ ಅಂದ್ರಾ?” ಎಂದು ಕೇಳಿದೆ. “ಕೊಡು ಅನ್ಲಿಲ್ರಿ, ಬ್ಯಾಡ ಅನ್ಲಿಲ್ರಿ,” ಎಂದಳು.

ಮಾಸ್ತರು ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಇದಕ್ಕ ಆ ಸಹಿ ಕಾರ್ಡು ಹಚ್ಚಾಕ ಬರಂಗಿಲ್ಲೇನು? ಆಕಿ ಉತ್ತರ ಬರೀದಿದ್ರ ಬ್ಯಾಡ. ಓದಿದ್ಳು ಅಂತ ಗೊತ್ತಾದ್ರ ಸಾಕು ನನಗ.”

ನಾನು ಎರಡು ದಿನ ಯೋಚಿಸಿದೆ. ನಮ್ಮ ಇನ್‌ಸ್ಟಿಟ್ಯೂಟಿನದೊಂದು ಸಣ್ಣ ವೆಬ್‌ಸೈಟನ್ನು ನಾನೇ ಮಾಡಿದ್ದೆ. ದಾವಣಗೆರೆಯ ಪರಿಚಯದವರೊಬ್ಬರ ಸರ್ವರಿನಲ್ಲಿ ಅದಕ್ಕೆ ಜಾಗವಿತ್ತು. ಸರ್ವರ್ ಅಂದರೆ ಯಾವಾಗಲೂ ಚಾಲೂ ಇರುವ ಒಂದು ಕಂಪ್ಯೂಟರು. ಯಾರು ಯಾವ ಪುಟ, ಯಾವ ಚಿತ್ರ ಕೇಳಿದರೂ ಕೊಡುತ್ತದೆ. ಕೊಟ್ಟಿದ್ದನ್ನು ತಾರೀಖು, ಗಂಟೆ, ನಿಮಿಷದ ಸಮೇತ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ನಾನು ಒಂದು ಚಿತ್ರ ಮಾಡಿದೆ. ಒಂದು ಚುಕ್ಕಿ ಅಗಲ, ಒಂದು ಚುಕ್ಕಿ ಎತ್ತರ, ಬಣ್ಣವಿಲ್ಲದ್ದು, ಹಿಂದಿರುವುದು ಹಾಗೇ ಕಾಣುವಷ್ಟು ಪಾರದರ್ಶಕ. ಅದನ್ನು ಸರ್ವರಿನಲ್ಲಿಟ್ಟು, ಪತ್ರದ ಕೊನೆಯಲ್ಲಿ ಅದರ ವಿಳಾಸ ಸೇರಿಸಿದರೆ, ಪತ್ರ ತೆರೆದ ಕೂಡಲೇ ಗಿರಿಜಕ್ಕನ ಕಂಪ್ಯೂಟರು ತಾನಾಗಿಯೇ ಆ ಚಿತ್ರವನ್ನು ಕೇಳುತ್ತದೆ. ಸರ್ವರ್ ಕೊಡುತ್ತದೆ. ಸಾಲು ಬೀಳುತ್ತದೆ. ಅವಳ ಕಣ್ಣಿಗೆ ಏನೂ ಕಾಣುವುದಿಲ್ಲ.

“ಎಷ್ಟು ದೊಡ್ಡದೈತಿ ಅದು?” ಎಂದರು ಮಾಸ್ತರು.

“ನಲವತ್ಮೂರು ಬೈಟು ಸರ. ನಿಮ್ಮ ಲೆಕ್ಕದಾಗ ನಲವತ್ಮೂರು ಸಲ ಕೀ ಒತ್ತಿದಂಗ.”

“ಒಂದು ಸಾಲೂ ಆಗಂಗಿಲ್ಲಲ್ಲ!” ಎಂದು ನಕ್ಕರು. ಆಮೇಲೆ ನಗು ನಿಂತಿತು. “ಅಂದ್ರ ಸಹಿ ಆಕೀಗೆ ಗೊತ್ತಿಲ್ಲದಂಗ ಆಗತೈತಿ.”

“ಹೌದ್ರಿ. ಅದಕ್ಕ ನನಗೂ ಮನಸ್ಸಿಲ್ಲ.”

ಅವರು ಎದ್ದು ಹೋದರು. ಎರಡು ದಿನ ಆ ಮಾತೆತ್ತಲಿಲ್ಲ. ಮೂರನೆಯ ದಿನ ಬಂದು, “ಹಚ್ರಿ. ಪಾಪ ನನಗಿರ್ಲಿ,” ಎಂದರು. ಇನ್ನೊಂದು ಮಾತನ್ನೂ ತೆಗೆದುಕೊಂಡರು: ನಾನು ಗಿರಿಜಕ್ಕನಿಗೆ ನನ್ನ ಕಡೆಯಿಂದ ಒಂದಕ್ಷರವೂ ಬರೆಯಬಾರದು. “ನಮ್ಮಿಬ್ಬರ ನಡುವ ಒಮ್ಮಿ ಊರನ್ನ ತಂದು ನಿಂದ್ರಿಸೀನಿ. ಇನ್ನ ಯಾರೂ ಬ್ಯಾಡ.”

ಮೊದಲ ಪತ್ರ ಹೋದ ಮೇಲೆ ನಾಲ್ಕನೆಯ ದಿನ ಸರ್ವರಿನಲ್ಲಿ ಸಾಲು ಬಿತ್ತು: ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಆರು ನಿಮಿಷ. ನಾನು ತೋರಿಸಿದೆ. ಅವರು ಪರದೆಯ ಮೇಲಿನ ಆ ಸಾಲನ್ನು ಬೆರಳಿನಿಂದ ಸವರಿದರು. “ಹನ್ನೊಂದಕ್ಕ. ಚಹಾದ ಹೊತ್ತು. ಆಕಿ ಮೊದ್ಲಿಂದ ಚಹಾ ಕುಡಿಯುವಾಗ ಕಾಗದ ಓದಾಕಿ,” ಎಂದು ಬೇಗ ಬೇಗ ಕೆಳಗಿಳಿದು ಹೋದರು. ಸ್ವಲ್ಪ ಹೊತ್ತಿಗೆ ಒಂದು ದೊಡ್ಡ ಪೊಟ್ಟಣ ಮಂಡಕ್ಕಿ, ಮಿರ್ಚಿ ತಂದು ಎಲ್ಲ ವಿದ್ಯಾರ್ಥಿಗಳಿಗೆ ಹಂಚಿದರು. ಏನು ವಿಶೇಷವೆಂದು ಯಾರಿಗೂ ಹೇಳಲಿಲ್ಲ.

ಹೀಗೆ ಒಂದೂವರೆ ವರ್ಷ ನಡೆಯಿತು. ತಿಂಗಳಿಗೆ ಒಂದು ಪತ್ರ, ಕೆಲವೊಮ್ಮೆ ಎರಡು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕಾಗಿತ್ತು. ಅದು ಅವರಿಗೆ ಸಂಕಟ. ಬಾವಿಕಟ್ಟೆ ಒಡೆದದ್ದು, ಟೈಪ್‌ರೈಟರಿನ ರಿಬ್ಬನ್ ಈಗ ಸಿಗದಿರುವುದು, ಶಾಂತಕ್ಕನ ಮಂಡಿನೋವು, ಎಲ್ಲ ಬರೆಯುತ್ತಿದ್ದರು. ಆನಂದರ ಹೆಸರು ಬರೆಯುತ್ತಿರಲಿಲ್ಲ. ಆ ಕಾರ್ಬನ್ ಪತ್ರದ ಮಾತು ಬರುತ್ತಿರಲಿಲ್ಲ. ಕೊನೆಗೆ ಚುಕ್ಕಿ ಸೇರಿಸುವವಳು ನಾನಾದ್ದರಿಂದ ಓದುತ್ತಿದ್ದೆ. ಪ್ರತಿ ಸಲ ಅದನ್ನೇ ಹುಡುಕುತ್ತಿದ್ದೆ. ಗಿರಿಜಕ್ಕನಿಂದ ಉತ್ತರ ಬರಲಿಲ್ಲ. ಆದರೆ ಪ್ರತಿ ಪತ್ರಕ್ಕೂ ಒಂದು ಸಾಲು ಬೀಳುತ್ತಿತ್ತು. ಕೆಲವಕ್ಕೆ ಎರಡು ಮೂರು. ಹಳೆಯದನ್ನು ಮತ್ತೆ ತೆರೆದು ಓದಿದ್ದಾಳೆಂದು ಅರ್ಥ. ಅಂಥ ದಿನ ಮಾಸ್ತರು ಯಾರ ತಪ್ಪನ್ನೂ ಕೂಗಿ ಹೇಳುತ್ತಿರಲಿಲ್ಲ.

ಒಮ್ಮೆ ಮೂರು ವಾರ ಸಾಲು ಬೀಳಲಿಲ್ಲ. ಅವರು ಊಟ ಬಿಟ್ಟಿದ್ದಾರೆಂದು ಶಾಂತಕ್ಕ ಹೇಳಿದರು. ನನಗೆ ತಡೆಯಲಾಗಲಿಲ್ಲ. “ಬಂದೈತ್ರಿ ಸರ, ನಿನ್ನಿ,” ಎಂದುಬಿಟ್ಟೆ. ಅವತ್ತು ಚೆನ್ನಾಗಿ ಊಟ ಮಾಡಿದರಂತೆ. ಮರುದಿನ ಆ ಸಾಲನ್ನು ತಮ್ಮ ಕಣ್ಣಿಂದ ನೋಡಬೇಕೆಂದು ಅವರೇ ಕಂಪ್ಯೂಟರಿನ ಮುಂದೆ ಕೂತರು. ಒಂದೊಂದೇ ಸಾಲು ಓದುತ್ತಾ ಕೆಳಗಿನವರೆಗೆ ಬಂದರು. ನಾನು ಹಿಂದೆ ನಿಂತಿದ್ದೆ.

“ಹಾಳ್ಯಾಗ ತಪ್ಪಾದ್ರ ಹರದು ಹೊಸಾದು ಹಾಕಬಹುದು,” ಎಂದರು, ನನ್ನ ಕಡೆ ತಿರುಗದೆ. “ನೀವು ಹೇಳಿದ್ದನ್ನ ನಾ ಏನ್ ಮಾಡ್ಲಿ, ಸುಜಾತಮ್ಮಾರ?”

ಮುಂದಿನ ವಾರ ನಿಜವಾಗಿಯೂ ಸಾಲು ಬಿತ್ತು; ಗಿರಿಜಕ್ಕ ಊರಲ್ಲಿರಲಿಲ್ಲವೇನೋ. ಆದರೆ ಅಂದಿನಿಂದ ಅವರು ನನ್ನನ್ನು ಕೇಳುವುದನ್ನು ಬಿಟ್ಟರು. ತಾವೇ ನೋಡಿಕೊಳ್ಳುತ್ತಿದ್ದರು.

ಮರುವರ್ಷ ಹೋಳಿ ಹುಣ್ಣಿಮೆಯ ನಂತರ ಸಾಲುಗಳು ಒಮ್ಮೆಲೇ ನಿಂತವು. ಒಂದು ಪತ್ರ ಹೋಯಿತು, ಸಾಲಿಲ್ಲ. ಇನ್ನೊಂದು ಹೋಯಿತು, ಇಲ್ಲ. ಸರ್ವರ್ ಸರಿ ಇದೆಯೇ ಎಂದು ನಾನೇ ಆ ಚಿತ್ರವನ್ನು ಕೇಳಿ ನೋಡಿದೆ. ತಕ್ಷಣ ಕೊಟ್ಟಿತು, ನನ್ನ ಸಾಲು ಬಿತ್ತು. ಸರ್ವರಿನಲ್ಲಿ ದೋಷವಿರಲಿಲ್ಲ. ನನಗೆ ಮತ್ತೇನೂ ಹೊಳೆಯಲಿಲ್ಲ. ಮೂರನೆಯದಕ್ಕೂ ಸಾಲು ಬೀಳದಿದ್ದಾಗ ಮಾಸ್ತರು, “ಬ್ಯಾಸರಾಗೈತಿ ಆಕೀಗೆ. ಬಾವಿಕಟ್ಟಿ, ಮಂಡಿನೋವು ಓದಿ ಓದಿ,” ಎಂದರು.

ಕಾರಹುಣ್ಣಿಮೆಯ ಹೊತ್ತಿಗೆ ಅವರು ನಾಲ್ಕನೆಯದನ್ನು ಬರೆದರು. ಒಂದು ಮುಂಜಾನೆ ಪೂರ್ತಿ ಹಿಡಿಯಿತು. ಮುಗಿಸಿ ಎದ್ದು, ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತು, “ನಿಮ್ಮ ಚುಕ್ಕಿ ಹಚ್ಚಿ ಕಳಿಸಿಬಿಡ್ರಿ,” ಎಂದರು.

ನಾನು ಓದಿದೆ. ‘ತಂಗೀ, ನಿನ್ನ ಮದುವಿ ಆದಾಗ ನಾನು ಹೊಡೆದ ಪತ್ರ ಬೆರಳು ತಪ್ಪಿ ಆದದ್ದಲ್ಲ. ತಿಳಿದು ಮಾಡಿದ್ದು. ಜಾತಿ ದೊಡ್ಡದು ಅಂತ ಮಾಡಿದ್ದು. ನನ್ನ ಜೀವನದಾಗ ನಾನು ಹೊಡೆದ ಅತಿ ಕೆಟ್ಟ ಹಾಳೆ ಅದು. ಆನಂದರಿಗೆ ನನ್ನ ನಮಸ್ಕಾರ ಹೇಳು. ನಾಗರ ಪಂಚಮಿಗೆ ನಿಮ್ಮನ್ನು ಕರೆಯಲು ಬರುವ ಮುಖ ನನಗಿಲ್ಲ. ಮನಸ್ಸಾದರೆ ಇಬ್ಬರೂ ಬರ್ರಿ. ಬಾಗಿಲು ತೆಗೆದಿರತೈತಿ.’

ಚುಕ್ಕಿ ಸೇರಿಸಿದೆ. ಕಳಿಸಿದೆ. ಮಾಸ್ತರು ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು: “ಇದನ್ನ ನಿಮಗೂ ಹೇಳಬೇಕಾಗಿತ್ತು. ದಿನಾ ಎದುರಿಗೆ ಕೂಡ್ತಿದ್ರಿ. ಬಾಯಿ ಬರ್ಲಿಲ್ಲ.”

ನಾನು ಎದ್ದೆ. ಕೆಳಗೆ ಹೋಗಿ ಎರಡು ಕಪ್ಪು ಚಹಾ ತಂದೆ.

ಆ ಪತ್ರಕ್ಕೂ ಸಾಲು ಬೀಳಲಿಲ್ಲ. ಒಂದು ವಾರ, ಎರಡು ವಾರ. ಹದಿನೈದನೆಯ ದಿನ ಅವರು ಸರ್ವರಿನ ಪುಟ ಮುಚ್ಚಿ, “ಸಾಕು. ಓದಲಾರದಾಕಿಗೆ ಬರದು ತ್ರಾಸ ಕೊಡಬಾರ್ದು,” ಎಂದರು. ಮತ್ತೆ ಬರೆಯಲಿಲ್ಲ. ಅದೇ ತಿಂಗಳು ನನಗೆ ಹರಪನಹಳ್ಳಿಯ ಕಚೇರಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ಬಸ್ಸಿಗೆ ಬಿಡಲು ಬಂದವರು, “ಹಾಳಿ ಅಂಚು ನೋಡ್ಕೊಳ್ರಿ,” ಎಂದಷ್ಟೇ ಹೇಳಿದರು. ಇಪ್ಪತ್ತು ದಿನಕ್ಕೆ ಅವರಿಗೆ ಲಕ್ವ ಹೊಡೆದ ಸುದ್ದಿ ಬಂತು. ಬಲಗೈ ಹೋಗಿತ್ತು.

ಹೋಗಬೇಕೆಂದುಕೊಳ್ಳುವಷ್ಟರಲ್ಲಿ, ಒಂದು ಶುಕ್ರವಾರ ಸಂಜೆ, ಹರಪನಹಳ್ಳಿಯ ಬ್ರೌಸಿಂಗ್ ಸೆಂಟರಿನಲ್ಲಿ ನನ್ನ ಇ-ಮೇಲ್ ತೆರೆದೆ. ಗೆಳತಿಯೊಬ್ಬಳು ಬಣ್ಣದ ಶುಭಾಶಯ ಕಳಿಸಿದ್ದಳು. ಬಣ್ಣ ಇರಬೇಕಾದ ಕಡೆ ಖಾಲಿ ಚೌಕ. ಮೇಲೆ ಒಂದು ಸಾಲು: ನಿಮ್ಮ ಸುರಕ್ಷತೆಗಾಗಿ ಈ ಪತ್ರದ ಚಿತ್ರಗಳನ್ನು ತಡೆದಿದ್ದೇವೆ, ನೋಡಬೇಕಾದರೆ ಇಲ್ಲಿ ಒತ್ತಿ. ನಮ್ಮ ಚುಕ್ಕಿಯೂ ಚಿತ್ರವೇ. ಗಿರಿಜಕ್ಕನ ಇ-ಮೇಲ್ ಕೂಡ ಇದೇ ಕಂಪನಿಯದು. ಮೊದಲು ಚಿತ್ರ ತಾನಾಗಿಯೇ ಬರುತ್ತಿತ್ತು. ಈಗ ಓದುವವರು ಒತ್ತಿದರೆ ಮಾತ್ರ ಬರುತ್ತದೆ. ಒತ್ತದಿದ್ದರೆ ಪತ್ರವನ್ನು ನೂರು ಸಲ ಓದಿದರೂ ನಮ್ಮ ಸರ್ವರಿಗೆ ಗೊತ್ತಾಗುವುದಿಲ್ಲ. ಅಕ್ಷರವಷ್ಟೇ ಇರುವ ಅಣ್ಣನ ಪತ್ರದಲ್ಲಿ ಅವಳು ಚಿತ್ರ ನೋಡಲು ಯಾಕಾದರೂ ಒತ್ತುತ್ತಾಳೆ?

ಶನಿವಾರ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋದೆ. ಮಾಸ್ತರು ಪಡಸಾಲೆಯ ಮಂಚದ ಮೇಲಿದ್ದರು. ಬಾಯಿ ಒಂದು ಕಡೆ ವಾಲಿತ್ತು. ಮಾತು ನಿಧಾನ, ಆದರೆ ತಿಳಿಯುತ್ತಿತ್ತು. ನಾನು ಮಂಚದ ಪಕ್ಕ ಕೂತು ಎಲ್ಲ ಹೇಳಿದೆ. ಮೇಲ್ ಕಂಪನಿ ಚಿತ್ರ ತಡೆದದ್ದು, ನಮ್ಮ ಚುಕ್ಕಿ ಹೋಗದೆ ಉಳಿದದ್ದು. “ಆಕಿ ಓದ್ಯಾಳ್ರಿ ಸರ. ನಾಲ್ಕೂ ಓದಿರ್ತಾಳ. ನಮಗ ಗೊತ್ತಾಗಿಲ್ಲ ಅಷ್ಟ.”

ಅವರು ನನ್ನನ್ನೇ ನೋಡಿದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಎಡಗೈ ಚಾಚಿ ನನ್ನ ತಲೆಯ ಮೇಲಿಟ್ಟರು.

“ಅವತ್ತೂ ಹಿಂಗ ಹೇಳಿದ್ರಿ,” ಎಂದರು. “ನಿಮ್ಮ ಮನಸ್ಸು ಚೊಲೊ ಐತಿ. ಸುಳ್ಳು ಬ್ಯಾಡ್ರಿ ಇನ್ನ.”

“ಸುಳ್ಳಲ್ರಿ ಸರ, ನಿಮ್ಮಾಣಿ ಸುಳ್ಳಲ್ಲ.”

“ಇರ್ಲಿ ಬಿಡ್ರಿ,” ಎಂದು ಕಣ್ಣು ಮುಚ್ಚಿದರು. ಅವರನ್ನು ಕಂಪ್ಯೂಟರಿನ ಹತ್ತಿರ ಕರೆದೊಯ್ದು ತೋರಿಸುವ ಹಾಗಿರಲಿಲ್ಲ. ಶಾಂತಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಒತ್ತಿಕೊಂಡಿದ್ದರು.

ನಾನು ಕೊಟ್ಟ ಮಾತು ಮುರಿದೆ. ಗಿರಿಜಕ್ಕನ ಫೋನ್ ನಂಬರು ನಮಗಾರಿಗೂ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರದ ಬ್ರೌಸಿಂಗ್ ಸೆಂಟರಿನಲ್ಲಿ ಕೂತು ಅವಳಿಗೆ ಬರೆದೆ: ಅಣ್ಣನಿಗೆ ಹುಷಾರಿಲ್ಲ, ಕೂಡಲೇ ಬರ್ರಿ, ನೀವು ಓದಿಲ್ಲ ಅಂತ ತಿಳಿದಾರ. ಅವಳು ಮೇಲ್ ನೋಡುತ್ತಿದ್ದುದು ಕಚೇರಿಯಲ್ಲಿ. ಅವತ್ತು ಶನಿವಾರ ಮಧ್ಯಾಹ್ನ. ಅವಳು ನೋಡಿದ್ದು ಸೋಮವಾರ. ಮಾಸ್ತರು ಆದಿತ್ಯವಾರ ಬೆಳಿಗ್ಗೆ ತೀರಿಕೊಂಡರು. ಪಂಚಮಿಗೆ ಇನ್ನೂ ಒಂಬತ್ತು ದಿನವಿತ್ತು.

ಮಂಗಳವಾರ ಬೆಳಿಗ್ಗೆ ಗಿರಿಜಕ್ಕ, ಆನಂದ ಇಬ್ಬರೂ ಬಂದರು. ಮಣ್ಣಾಗಿ ಎರಡು ದಿನವಾಗಿತ್ತು. ಆನಂದ ಹೊಸ್ತಿಲ ಹೊರಗೆ ನಿಂತರು. ಶಾಂತಕ್ಕ ಹೋಗಿ ಅವರ ಕೈ ಹಿಡಿದು ಒಳಗೆ ಕರೆತಂದು, ಮಾಸ್ತರ ಮಂಚದ ಮೇಲೆಯೇ ಕೂರಿಸಿದರು. ಕೂಡಿದ್ದ ನೆಂಟರಲ್ಲಿ ಯಾರೂ ತಡೆಯಲಿಲ್ಲ.

ಗಿರಿಜಕ್ಕ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ಅಣ್ಣನ ಹಣೆ, ಅಣ್ಣನ ಮೂಗು. “ನೀನಾ ಸುಜಾತ? ಅವ ನಿನ್ನ ಬಗ್ಗೆ ಬಾಳ ಬರೀತಿದ್ದ,” ಎಂದಳು. “ಕಡೀ ಕಾಗದ ಓದಿ ಆಫೀಸಿನ್ಯಾಗ ಅತ್ತುಬಿಟ್ಟೆ. ಉತ್ತರ ಬರಿಯೋಣ ಅಂದ್ರು ಇವ್ರು. ನಾನ ಬ್ಯಾಡ ಅಂದೆ. ಹಾಳ್ಯಾಗ ಹೋದದ್ದನ್ನ ಹಾಳ್ಯಾಗ ತರೋದು ಬ್ಯಾಡ, ಪಂಚಮಿಗೆ ಹೋಗಿ ಎದುರಿಗೆ ನಿಂತ್ರ ಅದ ಉತ್ತರ ಅಂದೆ. ಬಸ್ಸಿನ ರಿಜರ್ವೇಶನ್ನೂ ಆಗಿತ್ತು. ಆಮ್ಯಾಲ ಅವ ಯಾಕ ಬರೀಲಿಲ್ಲ? ನಾ ಓದಿಲ್ಲ ಅಂತ ಯಾಕ ತಿಳ್ಕೊಂಡ? ದಿನಾ ನೋಡ್ತಿದ್ದೆ ನಾನು.”

ನಾನು ಎಲ್ಲವನ್ನೂ ಹೇಳಿದೆ. ಚುಕ್ಕಿಯನ್ನು, ಸರ್ವರನ್ನು, ಅವಳು ಓದಿದ ಹೊತ್ತು ನಿಮಿಷಗಳನ್ನೆಲ್ಲ ನಾವು ನೋಡುತ್ತಿದ್ದುದನ್ನು. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಬಾವಿಕಟ್ಟೆಯ ಮೇಲೆ ಕೂತುಬಿಟ್ಟಳು.

“ಮ್ಯಾಲ ಬರತಿತ್ತು ಅದು, ಚಿತ್ರ ನೋಡಬೇಕಾದ್ರ ಒತ್ರಿ ಅಂತ. ಚಿತ್ರ ಎಲ್ಲೈತಿ ಇದ್ರಾಗ ಅಂತ ಬಿಡ್ತಿದ್ದೆ. ಒಂದು ಸಲ ಒತ್ತಿದ್ರ ಆಗತಿತ್ತೇನು?”

“ಹೌದಕ್ಕ.”

ಒಳಗಿನಿಂದ ಶಾಂತಕ್ಕ ಆನಂದರಿಗೆ ಏನೋ ಉಣ್ಣಲು ಒತ್ತಾಯ ಮಾಡುವುದು ಕೇಳಿಸುತ್ತಿತ್ತು.

“ಶನಿವಾರ ನೀ ಬಂದಿದ್ದಿ ಅಂತಲ್ಲ,” ಎಂದಳು. “ನಾ ಓದೀನಿ ಅಂತ ಹೇಳಿದಿ?”

“ಹೇಳಿದೆ.”

“ನಂಬಿದ್ನಾ?”

ಅವಳ ಎರಡೂ ಕೈ ನನ್ನ ಕೈ ಮೇಲಿದ್ದವು.

“ನಂಬಿದ್ರಕ್ಕ,” ಎಂದೆ. “ಕೇಳಿದ ಮ್ಯಾಲ ಸಮಾಧಾನದಿಂದ ಕಣ್ಣು ಮುಚ್ಚಿದ್ರು.”

ಅವಳು ತಲೆಯಾಡಿಸಿದಳು.